ಕ್ಯಾಲೊರಿ ಆಪ್ ತೋರಿಸುವ ಅಂಕಿ ಸರಿಯೇ?

ಇಸಳೂರಿನ ಮನೆಯಲ್ಲಿ ಅನ್ನ, ಒಂದೆಲಗದ ತಂಬುಳಿ ಉಂಡು ಕ್ಯಾಲೊರಿ ಆಪ್ ತೆರೆದಿರಾ? ಎಡವಟ್ಟಾಗುವುದು ಅನ್ನದಲ್ಲೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ನೀರು ಹೀರಿ ಬೆಂದ 100 ಗ್ರಾಂ ಅನ್ನದಲ್ಲಿ ಸುಮಾರು 130. ಬರೀ ‘ರೈಸ್’ ಎಂದಿರುವ ನಮೂದು ಯಾವುದರದ್ದು? ಕಾರ್ಬೋಹೈಡ್ರೇಟ್ ನೋಡಿ ಇನ್ಸುಲಿನ್ ಲೆಕ್ಕ ಹಾಕುವವರಿಗೆ ಇದು ಸಣ್ಣ ತಪ್ಪಲ್ಲ. ಕೆಲವು ಆಪ್‌ಗಳಲ್ಲಿ ನಮೂದು ಸೇರಿಸುವವರು ನಮ್ಮಂಥ ಬಳಕೆದಾರರೇ. ತಪ್ಪೂ ಫಾರ್ವರ್ಡ್‌ನಂತೆ ಹರಡುತ್ತದೆ.

ಒಂದು ಪರೀಕ್ಷೆ ಇದೆ. ಪ್ರೋಟೀನ್, ಕಾರ್ಬೋಹೈಡ್ರೇಟ್ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿ. ಆಪ್‌ನ ಅಂಕಿ ಅದರ ನಾಲ್ಕು ಪಟ್ಟಿದ್ದರೆ, ಯಾರೋ ಕಿಲೋಜೂಲನ್ನೇ ಕ್ಯಾಲೊರಿ ಎಂದು ತುಂಬಿರಬಹುದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲೂ ಶಕ್ತಿ ಕಿಲೋಜೂಲ್‌ನಲ್ಲೇ ಇದೆ. ಅಕ್ಕಿ-ಅನ್ನದ ಅದಲುಬದಲು ಮಾತ್ರ ಈ ಲೆಕ್ಕಕ್ಕೆ ಸಿಗದು. ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ. ತಂಬುಳಿಗೆ ಕಾಯಿ, ಮಜ್ಜಿಗೆ, ಒಗ್ಗರಣೆಯ ಎಣ್ಣೆ ಬೇರೆಬೇರೆ ಬರೆಯಿರಿ.