ರಾಡು ಹಾಕಿಸಿದರೆ ಮುಗಿಯಿತೇ?

ಎಲುಬು ಮುರಿದವರ ವಿಚಾರ ಬಂದಾಗ ನಮ್ಮವರು ಆಡುವ ಮಾತೊಂದುಂಟು: “ಆಪರೇಶನ್ ಆಯಿತು, ರಾಡು ಹಾಕಿದ್ದಾರೆ, ಇನ್ನೇನೂ ಚಿಂತೆಯಿಲ್ಲ.” ಖರಾಡಿಯ ಹೋಟೆಲುಗಳ ಅಡಿಗೆಮನೆಯಲ್ಲಿ, ಕಛೇರಿಗಳ ಚಹಾದ ಹೊತ್ತಿನಲ್ಲಿ, ಊರಿಗೆ ಮಾಡುವ ಫೋನಿನಲ್ಲಿ ಈ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ. ಕೇಳಿದಾಗಲೆಲ್ಲ ಮನಸ್ಸಿಗೆ ಅಳುಕಾಗಿದೆ. ಚಿಂತಿಸಬೇಕಾದ ಕಾಲವು ವಾಸ್ತವವಾಗಿ ಅಲ್ಲಿಂದಲೇ ಆರಂಭವಾಗುತ್ತದೆ ಎಂಬುದನ್ನು ಎರಡು ಮನೆಗಳಲ್ಲಿ ಕಣ್ಣಾರೆ ಕಂಡ ಮೇಲೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮುಳಾ-ಮುಠಾ ನದಿಯ ದಂಡೆಯ ಹಳ್ಳಿಯಾಗಿದ್ದ ಖರಾಡಿಯಲ್ಲಿ ಇಂದು ಇಯಾನ್ ಪಾರ್ಕು, ವರ್ಲ್ಡ್ ಟ್ರೇಡ್ ಸೆಂಟರು ಮೊದಲಾದ ಗಾಜಿನ ಗೋಪುರಗಳು ಎದ್ದುನಿಂತಿವೆ. ಅವುಗಳ ಮೇಲಂತಸ್ತುಗಳಲ್ಲಿ ನಮ್ಮ ಗುಮಾಸ್ತರು ಲೆಕ್ಕ ಬರೆಯುತ್ತಾರೆ. ಬುಡದಲ್ಲಿ ನಮ್ಮ ಹುಡುಗರು ಇಡ್ಲಿ-ದೋಸೆ ಬಡಿಸುತ್ತಾರೆ. ಹೋಟೆಲಿನ ಬಾಗಿಲು ಹಾಕಿ, ನೆಲ ತೊಳೆದು, ಚಂದನನಗರಕ್ಕೋ ವಾಘೋಲಿಗೋ ಒಂದೇ ಬೈಕಿನಲ್ಲಿ ಇಬ್ಬರು ಮೂವರು ಮರಳುವಾಗ ಮಧ್ಯರಾತ್ರಿ ಕಳೆದಿರುತ್ತದೆ. ಆ ಹೊತ್ತಿನಲ್ಲಿ ನಗರ ರಸ್ತೆಯನ್ನು ಲಾರಿಗಳು ಆಳುತ್ತಿರುತ್ತವೆ. (ಅಹಮದನಗರವು 2024ರಲ್ಲಿ ಅಹಿಲ್ಯಾನಗರವಾಯಿತಾದರೂ ರಸ್ತೆ ಇನ್ನೂ ಜನರ ಬಾಯಲ್ಲಿ ‘ನಗರ ರಸ್ತೆ’ಯೇ.)

ಮೊದಲನೆಯ ಸಂಗತಿ ಕುಂದಾಪುರದ ಕಡೆಯ ಒಬ್ಬ ಸಪ್ಲಯರನದು. ವಯಸ್ಸು ಮೂವತ್ತು ದಾಟಿಲ್ಲ. ಮಳೆಯಲ್ಲಿ ಬೈಕು ಜಾರಿ ತೊಡೆಯೆಲುಬಿನ ಕತ್ತು ಮುರಿಯಿತು. ಕೋಣೆಯ ಜೊತೆಗಾರರು ಅವನನ್ನು ರಾತ್ರಿಯ ಬಸ್ಸಿನಲ್ಲಿ ಮಲಗಿಸಿ ಊರಿಗೆ ಕಳುಹಿಸುವ ಯೋಚನೆ ಮಾಡಿದರು. “ಪುತ್ತೂರು ಕಟ್ಟು ಹಾಕಿಸಿದರೆ ಕೊಯ್ಯುವುದೇ ಬೇಡ” ಎಂದವರೂ ಇದ್ದರು. ಈ ಚರ್ಚೆಯಲ್ಲಿ ಎರಡು ದಿನ ಹೋಯಿತು. ಬಳಿಕ ಆಸ್ಪತ್ರೆಯಲ್ಲಿ ಮೂರು ಸ್ಕ್ರೂ ಹಾಕಿದರು. ಮೂರು ತಿಂಗಳು ಆ ಕಾಲಿಗೆ ಪೂರ್ತಿ ಭಾರ ಹಾಕಬಾರದೆಂದು ಚೀಟಿಯಲ್ಲಿ ಬರೆದುಕೊಟ್ಟರು. ಆದರೆ ಕೋಣೆಯ ಬಾಡಿಗೆ ಮೂರು ತಿಂಗಳು ಕಾಯುವುದಿಲ್ಲವಷ್ಟೆ! “ಬೇರೆ ಜನ ನೋಡಬೇಕಾದೀತು” ಎಂಬ ಮಾತು ಹೋಟೆಲಿನಿಂದ ಬಂದ ಮರುವಾರ, ಶಸ್ತ್ರಕ್ರಿಯೆಯಾದ ಏಳನೆಯ ವಾರದಲ್ಲಿ, ಅವನು ತಟ್ಟೆ ಹಿಡಿದು ಮೇಜುಗಳ ನಡುವೆ ಓಡಾಡತೊಡಗಿದನು. ಐದನೆಯ ತಿಂಗಳಿಗೆ ಸ್ಕ್ರೂ ಸಡಿಲಾಗಿ ಎಲುಬು ಬಾಗಿತ್ತು.

ಎರಡನೆಯದು ಒಬ್ಬ ಗುಮಾಸ್ತರ ತಾಯಿಯವರದು. ಮೊಮ್ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದ ಎಪ್ಪತ್ತನಾಲ್ಕರ ವೃದ್ಧೆ ಬಚ್ಚಲಿನ ನುಣುಪು ಹಾಸುಗಲ್ಲಿನ ಮೇಲೆ ಕಾಲು ಜಾರಿದರು. ಮುರಿದುದು ಕತ್ತಿಗಿಂತ ಸ್ವಲ್ಪ ಕೆಳಗೆ. ಮಗ ತಡಮಾಡಲಿಲ್ಲ, ಮರುದಿನವೇ ಶಸ್ತ್ರಕ್ರಿಯೆಯಾಗಿ ಒಳಗೆ ರಾಡು ಕೂತಿತು, ಅದರ ಮರುದಿನ ಆಸ್ಪತ್ರೆಯವರು ವಾಕರ್ ಹಿಡಿಸಿ ನಿಲ್ಲಿಸಿದರು. ಮನೆಗೆ ಬಂದ ಮೇಲೆ ಮಾತ್ರ ಮನೆಯವರ ಪ್ರೀತಿಯೇ ಅಡ್ಡಬಂತು. “ಅಮ್ಮನಿಗೆ ನೋವಾಗುತ್ತದೆ, ಮಲಗಿರಲಿ” ಎಂದು ಮೂರು ವಾರ ಹಾಸಿಗೆಯಿಂದ ಇಳಿಸಲಿಲ್ಲ. ಬೆನ್ನಿನಡಿ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು, ಮತ್ತೆ ಆಸ್ಪತ್ರೆ ಸೇರಬೇಕಾಯಿತು.

ಮಲಗಬೇಕಾದವನು ಓಡಿದನು, ಏಳಬೇಕಾದವರನ್ನು ಮಲಗಿಸಿದರು. ಎರಡೂ ಕಡೆ ಶಸ್ತ್ರವೈದ್ಯರ ಕೈ ಸರಿಯಾಗಿಯೇ ಇತ್ತು.

ಇದನ್ನು ತಿಳಿಯಲು ಸೊಂಟದ ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು. ತೊಡೆಯೆಲುಬಿನ ತುದಿಯಲ್ಲಿ ಒಂದು ಚೆಂಡು. ಅದು ಸೊಂಟದ ಬಟ್ಟಲಿನಲ್ಲಿ ತಿರುಗುತ್ತದೆ. ಚೆಂಡನ್ನು ಎಲುಬಿಗೆ ಸೇರಿಸುವ ಭಾಗವೇ ಕತ್ತು. ಚೆಂಡಿಗೆ ಹೋಗುವ ರಕ್ತದ ಹೆಚ್ಚಿನ ಪಾಲು ಈ ಕತ್ತಿನ ಮೇಲೆ ಹಬ್ಬಿದ ಸಣ್ಣ ನಾಳಗಳಿಂದ ಬರುತ್ತದೆ. ಕತ್ತು ಮುರಿದು ಜರುಗಿದರೆ ಆ ನಾಳಗಳು ಹರಿಯುತ್ತವೆ ಇಲ್ಲವೆ ಹಿಸುಕಿಹೋಗುತ್ತವೆ; ನೀರು ಕಾಣದ ಗಿಡದಂತೆ ಚೆಂಡು ಒಣಗುತ್ತದೆ. ಇದು ಆ ದಿನವೇ ಕಾಣುವುದಿಲ್ಲ. ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಕಳೆದ ಬಳಿಕ ತೊಡೆಸಂದಿಯ ನೋವಾಗಿ ತಲೆದೋರುತ್ತದೆ. ಆದುದರಿಂದ ನಮ್ಮ ಸಪ್ಲಯರನು ಪೂರ್ತಿ ವಿಶ್ರಾಂತಿ ಪಡೆದಿದ್ದರೂ ಅವನ ಎಲುಬು ಕೂಡಿಯೇ ತೀರುತ್ತಿತ್ತೆಂದು ನಾವು ಹೇಳಲಾರೆವು. ಬಿದ್ದ ಕ್ಷಣದಲ್ಲೇ ಕೇಡಾಗಿರಬಹುದು. ಆದರೆ ಉಳಿದಿದ್ದ ಅವಕಾಶವನ್ನು ತುಂಬಿದ ತಟ್ಟೆಗಳ ಭಾರವು ಕಸಿದುಕೊಂಡಿತೆಂಬುದು ಅವನಿಗೆ ವೈದ್ಯರೇ ಹೇಳಿದ ಮಾತು. ಕತ್ತಿನ ಕೆಳಗೆ ಮುರಿದರೆ ರಕ್ತದ ತೊಂದರೆ ಅಷ್ಟಿಲ್ಲ, ಎಲುಬು ಸಾಮಾನ್ಯವಾಗಿ ಕೂಡುತ್ತದೆ. ಅಲ್ಲಿ ವೃದ್ಧರ ಶತ್ರು ಹಾಸಿಗೆಯೇ.

ಪುತ್ತೂರು ಕಟ್ಟಿನ ವಿಷಯದಲ್ಲಿಯೂ ಒಂದು ಮಾತು. ಎಲುಬು ಕಟ್ಟುವ ನಾಟಿ ವೈದ್ಯರೆಲ್ಲ ಮೋಸಗಾರರೆಂದು ನಾವು ನುಡಿಯುವವರಲ್ಲ. ಮಣಿಕಟ್ಟಿನ ಸಣ್ಣ ಬಿರುಕು, ಜರುಗದ ಎಲುಬು ಅವರ ಕೈಯಲ್ಲಿ ಗುಣವಾದುದುಂಟು. ಅಂತಹ ಎಲುಬು ಅಲುಗದಂತಿಟ್ಟರೆ ತಾನಾಗಿಯೇ ಕೂಡುತ್ತದೆ. ಆದರೆ ಬಿಗಿಯಾದ ಕಟ್ಟಿನಿಂದ ರಕ್ತ ನಿಂತು ಬೆರಳು ಕಪ್ಪಾಗಿ ಕೈಯನ್ನೇ ಕಳೆದುಕೊಂಡವರೂ ಇದ್ದಾರೆ. ಸೊಂಟದ ಕೀಲಿಗಂತೂ ಹೊರಗಿನಿಂದ ಕಟ್ಟು ಹಾಕಲು ಸ್ಥಳವೇ ಇಲ್ಲ. ಪುಣೆಯಿಂದ ಕರಾವಳಿಗೆ ಒಂದು ಇಡೀ ರಾತ್ರಿ ಮೀರಿದ ಬಸ್ಸಿನ ಕುಲುಕಾಟದಲ್ಲಿ ಮುರಿದ ತೊಡೆಯನ್ನು ಒಯ್ಯುವುದು ಎಂತಹ ಹಿಂಸೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಬೇಗ ಶಸ್ತ್ರಕ್ರಿಯೆ ಮಾಡಿದರೆ ಎಷ್ಟು ಲಾಭ? 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಭಾರತವೂ ಸೇರಿದಂತೆ 17 ದೇಶಗಳ ಸುಮಾರು 3,000 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು: ಒಂದರಲ್ಲಿ ರೋಗ ನಿರ್ಣಯವಾದ ಸುಮಾರು 6 ಗಂಟೆಗೆ ಶಸ್ತ್ರಕ್ರಿಯೆ, ಇನ್ನೊಂದರಲ್ಲಿ ಸುಮಾರು 24 ಗಂಟೆಗೆ. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರು ಬೇಗ ಎದ್ದು ನಿಂತರು, ಅವರಲ್ಲಿ ಬುದ್ಧಿಭ್ರಮಣೆ ಕಡಿಮೆಯಿತ್ತು. ಅಂದರೆ ಕೆಲವು ಗಂಟೆಗಳ ತಡಕ್ಕೆ ಎದೆಗುಂದಬೇಕಾಗಿಲ್ಲ. ನಾವು ಹೆದರಬೇಕಾದುದು ಎರಡು ದಿನ, ನಾಲ್ಕು ದಿನಗಳ ತಡಕ್ಕೆ. ದುಡ್ಡು ಹೊಂದಿಸಲು, ಭಾವನನ್ನು ಕರೆಸಲು, ಜಾತಕ ತೋರಿಸಲು ಆಗುವ ತಡಕ್ಕೆ. ಸೊಂಟದ ಎಲುಬು ಮುರಿದ ವೃದ್ಧರಲ್ಲಿ ನೂರಕ್ಕೆ 20ರಿಂದ 30 ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಅನೇಕ ದೇಶಗಳ ಲೆಕ್ಕಗಳು ತೋರಿಸಿವೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬಚ್ಚಲಲ್ಲಿ ಬೀಳುವುದು ಹೃದ್ರೋಗದಷ್ಟೇ ಗಂಭೀರವಾದ ಸಂಗತಿಯೆಂದು ತಿಳಿಯಲು ಹೇಳುತ್ತಿದ್ದೇವೆ.

ಕೆಟ್ಟುಹೋದ ಕೀಲನ್ನೇ ತೆಗೆದು ಲೋಹದ ಚೆಂಡು, ಪ್ಲಾಸ್ಟಿಕ್ಕಿನ ಬಟ್ಟಲು ಇಡುವ ವಿದ್ಯೆಯನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ವೈದ್ಯರು 1962ರಲ್ಲಿ ಒಂದು ನೆಲೆಗೆ ತಂದರು. ಇಂದು ಅದು ನಂಬಿಕೆಗೆ ಅರ್ಹವಾದ ಶಸ್ತ್ರಕ್ರಿಯೆ. 25 ವರ್ಷಗಳ ನಂತರವೂ ನೂರಕ್ಕೆ ಸುಮಾರು 58 ಕೀಲುಗಳು ಕೆಲಸ ಮಾಡುತ್ತಿರುತ್ತವೆಂದು 2019ರ ಒಂದು ಸಮೀಕ್ಷೆ ಕಂಡುಕೊಂಡಿತು. ಎಪ್ಪತ್ತರವರಿಗೆ ಇದು ಆಯುಷ್ಯಕ್ಕೆ ಸಾಲುತ್ತದೆ. ಮೂವತ್ತರವನಿಗೆ ಮತ್ತೊಮ್ಮೆ ಬೇಕಾದೀತು. ತೊಂದರೆಗಳೂ ಉಂಟು. ಒಳ್ಳೆಯ ಆಸ್ಪತ್ರೆಗಳಲ್ಲಿಯೂ ನೂರಕ್ಕೆ ಒಂದೆರಡು ಕಡೆ ಸೋಂಕು ತಗಲುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಸರಿದು ಪ್ರಾಣಾಪಾಯವಾಗುವುದುಂಟು. ಪಾದ ಅಲ್ಲಾಡಿಸುವ ವ್ಯಾಯಾಮವೂ ರಕ್ತ ತೆಳುವಾಗಿಸುವ ಔಷಧಿಯೂ ಅದನ್ನು ತಡೆಯಲೆಂದೇ. ಮೊದಲ ವಾರಗಳಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತರೆ ಹೊಸ ಚೆಂಡು ಬಟ್ಟಲಿನಿಂದ ಜಾರಬಹುದು. ಕೋಣೆಯಲ್ಲಿ ಚಾಪೆಯ ಮೇಲೆ ಮಲಗುವ, ನೆಲಮಟ್ಟದ ಪಾಯಖಾನೆ ಬಳಸುವ ನಮ್ಮ ಹುಡುಗನಿಗೆ ಈ ಮಾತನ್ನು ಆಸ್ಪತ್ರೆಯಿಂದ ಹೊರಡುವ ದಿನವಲ್ಲ, ಶಸ್ತ್ರಕ್ರಿಯೆಯ ಮೊದಲೇ ಹೇಳಬೇಕು. ಹೇಳದಿದ್ದರೆ ಅವನೇ ಕೇಳಬೇಕು. ಬೀಡಿ ಸಿಗರೇಟು ಎಲುಬು ಕೂಡುವುದನ್ನು ನಿಧಾನಿಸುತ್ತದೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಗಾಯವನ್ನು ಕೀವುಗೊಳಿಸುತ್ತದೆ. ಇವೆರಡೂ ರೋಗಿಯ ಕೈಯಲ್ಲೇ ಇರುವ ಸಂಗತಿಗಳು.

ನಮ್ಮವರು ಕೇಳುವುದಿಲ್ಲ. ಮರಾಠಿ ಅಥವಾ ಹಿಂದಿಯಲ್ಲಿ ವೈದ್ಯರು ಹೇಳಿದುದಕ್ಕೆ ತಲೆಯಾಡಿಸಿ, ತೋರಿಸಿದಲ್ಲಿ ರುಜು ಹಾಕಿ ಬರುತ್ತಾರೆ. ಮುಂಢ್ವಾ-ಖರಾಡಿ ರಸ್ತೆಯ ದೊಡ್ಡ ಆಸ್ಪತ್ರೆಯೊಂದು 2021ರಲ್ಲಿ ಮಣಿಪಾಲ ಸಂಸ್ಥೆಗೆ ಸೇರಿ ಆ ಹೆಸರಿನ ಫಲಕ ಕಂಡಾಗ ನಮ್ಮ ಉಡುಪಿಯ ಮಿತ್ರರಿಗೆ ಊರೇ ಬಂದಷ್ಟು ಹಿಗ್ಗಾಗಿತ್ತು. ಫಲಕದ ಹೆಸರು ಯಾವುದಿದ್ದರೂ ರೋಗಿಯ ಹಕ್ಕು ಒಂದೇ. ಯಾವ ಶಸ್ತ್ರಕ್ರಿಯೆ, ಏಕೆ, ಬೇರೆ ದಾರಿಯೇನು, ಅಪಾಯವೇನು ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನಿಯಮ.

ಕಾಗದ ಏತಕ್ಕೆಂದು ಕೇಳುವವರಿಗೆ ಒಂದು ನಿದರ್ಶನ. ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡಿಪ್ಯೂ ಕಂಪನಿಯು ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಲೋಹಕ್ಕೆ ಲೋಹ ಉಜ್ಜಿ ಅದರ ಕಣಗಳು ರಕ್ತಕ್ಕೆ ಸೇರುತ್ತಿದ್ದವು. ಬಹಳ ಮಂದಿಗೆ ಎರಡನೆಯ ಶಸ್ತ್ರಕ್ರಿಯೆ ಬೇಕಾಯಿತು. ಭಾರತದಲ್ಲಿ ಸುಮಾರು 4,700 ಕೀಲುಗಳನ್ನು ಇಡಲಾಗಿತ್ತು. 2017ರಲ್ಲಿ ಕೇಂದ್ರ ಸರಕಾರ ತಜ್ಞರ ಸಮಿತಿ ನೇಮಿಸಿತು. 2018ರ ಕೊನೆಗೆ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರ ಪ್ರಕಟವಾಯಿತು. ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ರೋಗಿಗಳನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು: ತಮ್ಮ ಸೊಂಟದೊಳಗೆ ಯಾವ ಕಂಪನಿಯ ಕೀಲಿದೆಯೆಂಬುದನ್ನು ತೋರಿಸುವ ಚೀಟಿ ಅನೇಕರಲ್ಲಿ ಇರಲಿಲ್ಲ. ರಾಡು, ಸ್ಕ್ರೂ, ಕೀಲು ಯಾವುದೇ ಆಗಲಿ, ಅದರ ಹೆಸರೂ ಸಂಖ್ಯೆಯೂ ಇರುವ ಅಂಟುಚೀಟಿಯನ್ನು ಕೇಳಿ ಪಡೆದು ರೇಶನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿರಿ.

ಇನ್ನು ದುಡ್ಡಿನ ಮಾತು. ನಮ್ಮ ಮೂಲ ತಕರಾರು ಇಲ್ಲಿಯೇ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಹೋಟೆಲಿನ ನೌಕರನಿಗೆ ಇ.ಎಸ್.ಐ. ಅನ್ವಯಿಸುತ್ತದೆ. 2017ರಲ್ಲಿ ಅದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ವಂತಿಗೆಯನ್ನು ನೌಕರನಿಗೆ ಶೇ. 0.75, ಧಣಿಗೆ ಶೇ. 3.25ಕ್ಕೆ ಇಳಿಸಲಾಯಿತು. ಕೆಲಸದಲ್ಲಾದ ಗಾಯಕ್ಕೆ ಚಿಕಿತ್ಸೆಯ ಜೊತೆಗೆ, ಕೆಲಸ ಮಾಡಲಾಗದ ದಿನಗಳಿಗೆ ವೇತನದ ಸುಮಾರು ಶೇ. 90 ಸಿಗುತ್ತದೆ. ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತವನ್ನೂ 2010ರ ತಿದ್ದುಪಡಿ ಇದರೊಳಗೆ ಸೇರಿಸಿತು. 2025ರ ನವಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಪುಣೆಯಲ್ಲಿ ಬಿಬವೇವಾಡಿಯ ಇ.ಎಸ್.ಐ. ಆಸ್ಪತ್ರೆಯುಂಟು, ಎಲ್ಲರಿಗೂ ಬಾಗಿಲು ತೆರೆದ ಸಸೂನ್ ಆಸ್ಪತ್ರೆಯುಂಟು. ರಸ್ತೆ ಅಪಘಾತವಾದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆ 2025ರ ಮೇಯಲ್ಲಿ ಬಂದಿದೆ. 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಕಾರ್ಡು ಕೊಡುವ ಏರ್ಪಾಡು 2024ರಲ್ಲಿ ಆಯಿತು.

ಅಂದರೆ ನಮ್ಮ ಸಪ್ಲಯರನಿಗೆ ಆ ಮೂರು ತಿಂಗಳ ಅನ್ನವನ್ನು ಕಾನೂನು ಮೊದಲೇ ತೆಗೆದಿಟ್ಟಿತ್ತು. ಅವನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದಿರಲಿಲ್ಲ, ಅಷ್ಟೇ. ಹೆಸರು ಬರೆದರೆ ತಲೆಗೆ ನಾಲ್ಕೈದು ನೂರು ರೂಪಾಯಿ ಹೆಚ್ಚಿನ ಖರ್ಚೆಂದು ಧಣಿಗಳ ಎಣಿಕೆ. ನಮ್ಮ ಹೋಟೆಲು ಧಣಿಗಳಲ್ಲಿ ಬಹುಮಂದಿ ತಾವೂ ಒಂದು ಕಾಲದಲ್ಲಿ ಲೋಟ ತೊಳೆದು ಮೇಲೆ ಬಂದವರು; ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಬಿಚ್ಚಿ ಕೊಡುವವರು. ಅವರಲ್ಲಿ ದಯೆಯಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಬಿದ್ದ ದಿನ ಆಸ್ಪತ್ರೆಗೆ ಓಡಿಬಂದು ಹತ್ತು ಸಾವಿರ ಕೈಯಲ್ಲಿಡುವ ದಯೆಗಿಂತ, ಸೇರಿದ ದಿನವೇ ಹೆಸರು ಬರೆದು, ಮುರಿದ ಕಾಲು ಕೂಡುವವರೆಗೆ ಆ ಜಾಗವನ್ನು ಕಾಯ್ದಿಡುವ ನ್ಯಾಯ ನಮಗೆ ಹೆಚ್ಚಾಗಿ ಬೇಕಾಗಿದೆ. ನಿಲ್ಲಲಾಗದವನನ್ನು ವೈದ್ಯರ ಒಪ್ಪಿಗೆಯ ಮೇಲೆ ಗಲ್ಲಾದ ಬಳಿ ಕುರ್ಚಿಯಲ್ಲಿ ಕೂರಿಸಿ ಬಿಲ್ಲು ಬರೆಯಿಸಬಹುದು, ಫೋನಿನಲ್ಲಿ ಬರುವ ಪಾರ್ಸಲು ಆರ್ಡರುಗಳನ್ನು ನೋಡಿಕೊಳ್ಳಲು ಬಿಡಬಹುದು. ಇದಕ್ಕೆ ಯಾವ ಕಾನೂನೂ ಬೇಕಾಗಿಲ್ಲ.

ಸಪ್ಲಯರನಿಗೆ ಈಗ ಕೀಲು ಬದಲಾಯಿಸಿದ್ದಾರೆ. ಸಾಲವಾಗಿದೆ; ನಡೆಯುತ್ತಾನೆ; ಬೇರೊಂದು ಹೋಟೆಲಿನಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿದೆ. ಗುಮಾಸ್ತರ ತಾಯಿಯವರು ವಾಕರ್ ಹಿಡಿದು ಸಂಜೆ ಕಟ್ಟಡದ ಅಂಗಳದಲ್ಲಿ ನಾಲ್ಕು ಸುತ್ತು ಬರುತ್ತಾರೆ. ಬಚ್ಚಲಿಗೆ ಒರಟು ಹಾಸು ಬಂದಿದೆ, ಗೋಡೆಗೆ ಹಿಡಿ ಬಂದಿದೆ. ಅವರು ಬಿಟ್ಟ ಕಮೋಡ್ ಕುರ್ಚಿ ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನೂ, ಇನ್ನೊಬ್ಬರಲ್ಲಿದ್ದ ಎರಡು ಜೊತೆ ಊರುಗೋಲುಗಳನ್ನೂ ಬೇಕಾದ ನಮ್ಮವರಿಗೆ ಬಾಡಿಗೆಯಿಲ್ಲದೆ ಕೊಡಲು, ಇಡುವುದಕ್ಕೆ ತಮ್ಮ ಉಗ್ರಾಣದ ಒಂದು ಮೂಲೆಯನ್ನು ಬಿಟ್ಟುಕೊಡಲು ಖರಾಡಿಯ ಒಬ್ಬ ಹೋಟೆಲು ಧಣಿಗಳು ಒಪ್ಪಿದ್ದಾರೆ. ತಮ್ಮ ಹೆಸರನ್ನು ಬರೆಯಬಾರದೆಂದು ಹೇಳಿದ್ದರಿಂದ ಬರೆದಿಲ್ಲ.