ಆ್ಯಪ್‌ಗಳು ಐದು, ಹುಡುಕಿದ ಸಿನಿಮಾ ಎಲ್ಲಿ?

ಶಿಕಾರಿಪುರ, ಸೊರಬ ಕಡೆಯ ಕಾಲೇಜು ಹುಡುಗ ಹುಡುಗಿಯರ ನಡುವೆ ಈಗ ‘ಆ ಸಿನಿಮಾ ನೋಡಿದ್ಯಾ?’ ಎಂಬ ಪ್ರಶ್ನೆಗಿಂತ ಮೊದಲು ಬರುವುದು ‘ಅದು ಯಾವುದರಲ್ಲಿದೆ?’ ಎಂಬ ಪ್ರಶ್ನೆ. ಪ್ರೈಮ್‌ನಲ್ಲಾ, ಜೀ5ನಲ್ಲಾ, ಜಿಯೊಹಾಟ್‌ಸ್ಟಾರ್‌ನಲ್ಲಾ, ಸನ್ ನೆಕ್ಸ್ಟ್‌ನಲ್ಲಾ, ನೆಟ್‌ಫ್ಲಿಕ್ಸ್‌ನಲ್ಲಾ? ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ: ‘ಯಾರ ಹತ್ರ ಅದರ ಪಾಸ್‌ವರ್ಡ್ ಇದೆ?’ ತಮಾಷೆಯಂತೆ ಕಂಡರೂ ಇದು ನಮ್ಮ ಕಾಲದ ಸಿನಿಮಾ ವ್ಯಾಪಾರದ ನಿಜವಾದ ಚಿತ್ರ.

ತಾಲ್ಲೂಕು ಕೇಂದ್ರಗಳ ನಮ್ಮಂಥವರಿಗೆ ಒಟಿಟಿ ಬಂದಾಗ ಒಂದು ಆಸೆ ಹುಟ್ಟಿತ್ತು. ಮಲ್ಟಿಪ್ಲೆಕ್ಸ್ ಬೇಕೆಂದರೆ ಶಿವಮೊಗ್ಗಕ್ಕೆ ಬಸ್ ಹತ್ತಬೇಕು. ಸೊರಬದಿಂದಾದರೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಸಣ್ಣ ಬಜೆಟ್ಟಿನ ಒಳ್ಳೆಯ ಚಿತ್ರಗಳು ನಮ್ಮ ಊರಿನ ತೆರೆಗೆ ಬರುವುದು ಅಪರೂಪ, ಬಂದರೂ ನಿಲ್ಲುವುದು ಕೆಲವೇ ದಿನ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೊ ಭಾರತಕ್ಕೆ ಬಂದಾಗ, ಇನ್ನು ಮುಂದೆ ಬೆಂಗಳೂರಿನವರಿಗೂ ಶಿರಾಳಕೊಪ್ಪದವರಿಗೂ ಸಿನಿಮಾದ ವಿಷಯದಲ್ಲಿ ವ್ಯತ್ಯಾಸವಿಲ್ಲ ಎಂದೇ ಎಲ್ಲರೂ ಅಂದುಕೊಂಡರು. ಆಯ್ಕೆ ಹೆಚ್ಚಾಗಿದ್ದು ನಿಜ. ಆದರೆ ಕನ್ನಡ ಸಿನಿಮಾ ಹುಡುಕುವವರಿಗೆ ಅದರ ಜೊತೆ ಅಲೆದಾಟವೂ ಹೆಚ್ಚಿತು.

ಒಂದೇ ಸಿನಿಮಾ, ಎರಡು ಮನೆ

‘ಕಾಂತಾರ’ದ ಉದಾಹರಣೆ ನೋಡಿ. 2022ರಲ್ಲಿ ಅದರ ಕನ್ನಡ ಆವೃತ್ತಿ ಪ್ರೈಮ್‌ನಲ್ಲಿ ಬಂತು, ಹಿಂದಿ ಆವೃತ್ತಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಒಂದೇ ಚಿತ್ರ ಭಾಷೆಯ ಲೆಕ್ಕದಲ್ಲಿ ಎರಡು ಕಂಪನಿಗಳಿಗೆ ಹಂಚಿಹೋಯಿತು. ‘ಗರುಡ ಗಮನ ವೃಷಭ ವಾಹನ’ ನೋಡಬೇಕೆಂದವರು 2022ರ ಆರಂಭದಲ್ಲಿ ಜೀ5 ಚಂದಾ ಕಟ್ಟಬೇಕಾಯಿತು. ಅದೇ ವರ್ಷ ‘777 ಚಾರ್ಲಿ’ ವೂಟ್ ಸೆಲೆಕ್ಟ್‌ನಲ್ಲಿ ಬಂತು. ಆ ವೂಟ್ 2023ರಲ್ಲಿ ಜಿಯೊಸಿನಿಮಾದೊಳಗೆ ಸೇರಿತು. ಜಿಯೊಸಿನಿಮಾ 2025ರ ಫೆಬ್ರುವರಿ 14ರಂದು ಡಿಸ್ನಿ+ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಮೂರು ವರ್ಷದೊಳಗೆ ಮೂರು ಹೆಸರು. ಒಂದು ನಾಯಿಯ ಕಥೆ ನೋಡಲು ವೀಕ್ಷಕ ಎಷ್ಟು ಆ್ಯಪ್‌ಗಳ ವಂಶವೃಕ್ಷ ಓದಬೇಕು?

ಇದಕ್ಕೆ ಕಾರಣ ಹಕ್ಕುಗಳ ಮಾರಾಟ. ಒಂದು ಸಿನಿಮಾಕ್ಕೆ ಚಿತ್ರಮಂದಿರದ ಹಕ್ಕು, ಟಿ.ವಿ. ಹಕ್ಕು, ಡಿಜಿಟಲ್ ಹಕ್ಕು, ಆಡಿಯೊ ಹಕ್ಕು, ಡಬ್ಬಿಂಗ್ ಹಕ್ಕು ಎಂದು ಹಲವು ತುಂಡುಗಳಿವೆ. ಒಂದೊಂದು ತುಂಡನ್ನೂ ಒಬ್ಬೊಬ್ಬರು ಕೊಳ್ಳುತ್ತಾರೆ. ಡಿಜಿಟಲ್ ಹಕ್ಕಿಗೆ ಸಾಮಾನ್ಯವಾಗಿ ಅವಧಿಯೂ ಇರುತ್ತದೆ. ಅವಧಿ ಮುಗಿದು ಒಪ್ಪಂದ ಮುಂದುವರಿಯದಿದ್ದರೆ ನಿನ್ನೆ ಇದ್ದ ಚಿತ್ರ ಇಂದು ಇರುವುದಿಲ್ಲ. ನಾವು ಚಂದಾ ಕಟ್ಟುವುದು ಬಾಗಿಲ ಪ್ರವೇಶಕ್ಕೆ ಮಾತ್ರ. ಒಳಗೆ ಯಾವ ಚಿತ್ರ ಇರುತ್ತದೆ ಎಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ.

ಜೇಬಿನ ಲೆಕ್ಕ

2025ರ ದರದಲ್ಲಿ ಲೆಕ್ಕ ಹಾಕೋಣ. ಪ್ರೈಮ್ ಪೂರ್ಣ ಚಂದಾ ವರ್ಷಕ್ಕೆ ₹1,499. ನೆಟ್‌ಫ್ಲಿಕ್ಸ್‌ನ ಮೊಬೈಲ್ ಯೋಜನೆ ತಿಂಗಳಿಗೆ ₹149, ಅಂದರೆ ವರ್ಷಕ್ಕೆ ₹1,788. ಜಿಯೊಹಾಟ್‌ಸ್ಟಾರ್ ಮೊಬೈಲ್ ಯೋಜನೆ ವರ್ಷಕ್ಕೆ ₹499. ಈ ಮೂರಕ್ಕೇ ₹3,786 ಆಯಿತು. ಜೀ5, ಸನ್ ನೆಕ್ಸ್ಟ್ ಇನ್ನೂ ಸೇರಿಲ್ಲ. 2025ರ ಜೂನ್‌ನಿಂದ ಪ್ರೈಮ್‌ನಲ್ಲಿ ಜಾಹೀರಾತು ಶುರುವಾಗಿದೆ. ಅದು ಬೇಡವೆಂದರೆ ವರ್ಷಕ್ಕೆ ಮತ್ತೆ ₹699. ಇದರ ಮೇಲೆ ಮೊಬೈಲ್ ರೀಚಾರ್ಜ್ ಬೇರೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವವರು ಎರಡೂವರೆ ಗಂಟೆಯ ಸಿನಿಮಾವನ್ನು ಎಚ್‌ಡಿಯಲ್ಲಿ ಹಾಕಿದರೆ ಕ್ಲೈಮ್ಯಾಕ್ಸ್‌ಗೆ ಮೊದಲೇ ಡೇಟಾ ಮುಗಿಯಬಹುದು.

ಕೆಲಸಕ್ಕಾಗಿ ಅರ್ಜಿ ಹಾಕುತ್ತಿರುವವರಿಗೆ ಈ ಮೊತ್ತ ಸಣ್ಣದಲ್ಲ. ಹಲವು ನೇಮಕಾತಿ ಪರೀಕ್ಷೆಗಳ ಅರ್ಜಿ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರುವ ಖರ್ಚು ಅದರಲ್ಲಿ ಕಳೆಯುತ್ತದೆ. ಸಿನಿಮಾ ಅಗತ್ಯ ವಸ್ತುವಲ್ಲ, ಬೇಡವೆಂದರೆ ಬಿಡಬಹುದು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಇಲ್ಲಿ ಪ್ರಶ್ನೆ ಹಣದ್ದಷ್ಟೇ ಅಲ್ಲ. ವರ್ಷದಲ್ಲಿ ಒಂದು ವೇದಿಕೆಯಲ್ಲಿ ನಮಗೆ ಬೇಕಾದ ಕನ್ನಡ ಚಿತ್ರಗಳು ಮೂರೋ ನಾಲ್ಕೋ ಇರುತ್ತವೆ. ಅಷ್ಟಕ್ಕೆ ಪೂರ್ತಿ ಅಂಗಡಿಯ ಬಾಡಿಗೆ ಕಟ್ಟಬೇಕು. ಹಿಂದೆ ಊರಿನ ಸಿ.ಡಿ. ಅಂಗಡಿಯಲ್ಲಿ ಒಂದು ಸಿನಿಮಾಕ್ಕೆ ಒಂದು ದಿನದ ಬಾಡಿಗೆ ಕೊಟ್ಟರೆ ಸಾಕಿತ್ತು ಎಂದು ಮನೆಯ ದೊಡ್ಡವರು ಹೇಳುತ್ತಾರೆ. ತಂತ್ರಜ್ಞಾನ ಇಷ್ಟು ಮುಂದುವರಿದ ಮೇಲೆ ಆ ಸರಳ ವ್ಯವಸ್ಥೆಯೇ ಕಾಣೆಯಾಗಿರುವುದು ವಿಚಿತ್ರ.

ಕನ್ನಡಕ್ಕೆ ಏಕೆ ಕೊನೆಯ ಸಾಲು?

ವೇದಿಕೆಗಳ ಲೆಕ್ಕಾಚಾರವನ್ನು ಅವರ ಜಾಗದಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಹೊಸ ಚಂದಾದಾರರನ್ನು ತರುವ ಚಿತ್ರಕ್ಕೆ ಅವರು ಹಣ ಹಾಕುತ್ತಾರೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಸಣ್ಣ ಸಂಖ್ಯೆಯೇನಲ್ಲ. ಆದರೆ ನಾವು ತೆಲುಗು, ತಮಿಳು, ಹಿಂದಿ, ಮಲಯಾಳಂ ಎಲ್ಲವನ್ನೂ ನೋಡುತ್ತೇವೆ. ಆ ಚಿತ್ರಗಳಿಗಾಗಿ ಈಗಾಗಲೇ ಚಂದಾ ಕಟ್ಟಿರುವ ಕನ್ನಡಿಗನಿಗಾಗಿ ಕನ್ನಡ ಚಿತ್ರವನ್ನೂ ಕೊಳ್ಳುವ ಒತ್ತಡ ಕಂಪನಿಗೆ ಇರುವುದಿಲ್ಲ. ಹಲವು ಭಾಷೆ ಬಲ್ಲ ನಮ್ಮ ಗುಣವೇ ನಮ್ಮ ಭಾಷೆಗೆ ಇಲ್ಲಿ ಅಡ್ಡಿಯಾಗಿದೆ ಎಂದು ನನಗನಿಸುತ್ತದೆ. ಬಂಗಾಳಿಯಲ್ಲಿ 2017ರಲ್ಲಿ ಹೊಯ್‌ಚೊಯ್, ತೆಲುಗಿನಲ್ಲಿ 2020ರಲ್ಲಿ ಆಹಾ ಬಂದು ನೆಲೆಯೂರಿದವು. ಕನ್ನಡದ್ದೇ ಆದ ವೇದಿಕೆ ಆ ಮಟ್ಟಕ್ಕೆ ಬೆಳೆಯಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಪ್ರೈಮ್‌ನಲ್ಲಿ ಬಂದಾಗ ಕನ್ನಡಕ್ಕೂ ದಾರಿ ತೆರೆಯಿತು ಅನಿಸಿತ್ತು. ಆದರೆ ನಾಲ್ಕು ವರ್ಷದ ನಂತರ ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ‘ಏಕಂ’ ಎಂಬ ಏಳು ಕಂತುಗಳ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದ ಕಾರಣ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರು ಮಾಡಿದ ನಟ ನಿರ್ಮಾಪಕರಿಗೇ ಹೀಗಾದರೆ, ಇವತ್ತು ನಮ್ಮ ವಯಸ್ಸಿನ ಒಬ್ಬ ಹುಡುಗ ಶಿಕಾರಿಪುರದಲ್ಲಿ ಕುಳಿತು ಮಾಡುವ ಮೊದಲ ಚಿತ್ರಕ್ಕೆ ಯಾವ ಬಾಗಿಲಿದೆ?

ನಮ್ಮ ಜಿಲ್ಲೆಯ ಕಥೆ ನಮಗೇ ದೂರ

ಹೊಸ ಚಿತ್ರಗಳ ಗೋಳು ಒಂದಾದರೆ ಹಳೆಯವುಗಳದ್ದು ಇನ್ನೂ ದೊಡ್ಡದು. ಗಿರೀಶ ಕಾಸರವಳ್ಳಿಯವರು ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರು. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ನಾಲ್ಕಕ್ಕೂ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂದಿದೆ. ‘ದ್ವೀಪ’ ಸಾಗರದ ನಾ. ಡಿಸೋಜರ ಕಾದಂಬರಿ ಆಧರಿಸಿದ್ದು, ಅಣೆಕಟ್ಟೆಯ ನೀರಿನಲ್ಲಿ ಮುಳುಗುವ ಊರೊಂದರ ಕಥೆ. ಶರಾವತಿ ಮುಳುಗಡೆಯ ಸಂತ್ರಸ್ತರ ಮಕ್ಕಳು ಮೊಮ್ಮಕ್ಕಳು ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರು ತಮ್ಮ ಅಜ್ಜ ಅಜ್ಜಿಯ ಬದುಕನ್ನು ಹೋಲುವ ಈ ಚಿತ್ರ ನೋಡಬೇಕೆಂದರೆ ಒಂದೊಂದೇ ಆ್ಯಪ್ ತೆರೆದು ಹುಡುಕಬೇಕು. ಹುಡುಕುವುದೂ ಸುಲಭವಲ್ಲ. ‘ಘಟಶ್ರಾದ್ಧ’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ರೀತಿ ಬರೆಯಬಹುದು. ಆ್ಯಪ್‌ನವರು ಬರೆದ ಕಾಗುಣಿತ ನಮಗೆ ಹೊಳೆಯದಿದ್ದರೆ ಇರುವ ಚಿತ್ರವೂ ಇಲ್ಲದಂತೆಯೇ.

1977ರ ‘ಘಟಶ್ರಾದ್ಧ’ಕ್ಕೆ ಅದೃಷ್ಟವಿತ್ತು. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ದುರಸ್ತಿ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಿತು. ತೀರ್ಥಹಳ್ಳಿ ತಾಲ್ಲೂಕಿನ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಅದೇ ತಾಲ್ಲೂಕಿನ ನಿರ್ದೇಶಕರು ತೆರೆಗೆ ತಂದ ಚಿತ್ರ ಇಟಲಿಯವರೆಗೆ ಹೋಯಿತು. ಅದೇ ಪ್ರತಿ ಜಿಲ್ಲೆಯ ಕಾಲೇಜುಗಳ ತೆರೆಗೂ ಬರಬೇಡವೇ?

ಎಲ್ಲ ಚಿತ್ರಗಳಿಗೂ ಸ್ಕಾರ್ಸೆಸಿ ಬರುವುದಿಲ್ಲ. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರತಿ ಇಂದು ಉಳಿದಿಲ್ಲ. ಹಳೆಯ ಚಿತ್ರಗಳ ಒಪ್ಪಂದಗಳನ್ನು ಬರೆಯುವಾಗ ಇಂಟರ್‌ನೆಟ್ ಎಂಬುದೇ ಇರಲಿಲ್ಲ. ಹೀಗಾಗಿ ಡಿಜಿಟಲ್ ಹಕ್ಕು ನಿರ್ಮಾಪಕರ ಮಕ್ಕಳದ್ದೋ, ಹಂಚಿಕೆದಾರರದ್ದೋ, ವಿಡಿಯೊ ಕಂಪನಿಯದ್ದೋ ಎಂಬ ಗೊಂದಲ ಬರುತ್ತದೆ. ಗೊಂದಲವಿರುವ ಚಿತ್ರವನ್ನು ದೊಡ್ಡ ವೇದಿಕೆಗಳು ಮುಟ್ಟುವುದಿಲ್ಲ.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಮಾತ್ರ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೆ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 1964ರ ‘ನಾಂದಿ’ಯ ಅವಧಿ 2024ರ ಕೊನೆಗೆ ಮುಗಿದಿದೆ. ಕಥೆ, ಹಾಡು, ಸಂಗೀತದ ಹಕ್ಕುಗಳು ಬೇರೆ, ಅವುಗಳ ಲೆಕ್ಕ ಬೇರೆ. ಅದನ್ನು ಬಗೆಹರಿಸಿಕೊಂಡರೆ ಪ್ರತಿ ವರ್ಷ ಜನವರಿ 1ರಂದು ಒಂದಷ್ಟು ಕನ್ನಡ ಚಿತ್ರಗಳು ಸಾರ್ವಜನಿಕರ ಆಸ್ತಿಯಾಗುತ್ತಾ ಹೋಗುತ್ತವೆ. ಆದರೆ ಕಾನೂನು ಬಿಟ್ಟುಕೊಟ್ಟರೆ ಸಾಲದು, ನೋಡುವಂಥ ಪ್ರತಿ ಇರಬೇಕು. ಹಕ್ಕು ಮುಗಿಯುವ ಹೊತ್ತಿಗೆ ರೀಲೇ ಹಾಳಾಗಿದ್ದರೆ ಜನರಿಗೆ ಸಿಗುವುದು ಹೆಸರು ಮಾತ್ರ.

ಟೆಲಿಗ್ರಾಂ ಉತ್ತರವಲ್ಲ

ಸಿನಿಮಾ ಸಿಗದಿದ್ದಾಗ ಹಾಸ್ಟೆಲ್‌ಗಳಲ್ಲಿ ಟೆಲಿಗ್ರಾಂ ಲಿಂಕ್ ಹರಿದಾಡುತ್ತದೆ. ಇದನ್ನು ಸಮರ್ಥಿಸಲು ಆಗದು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪೈರಸಿಗೆ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ₹3 ಲಕ್ಷ ದಂಡವಿದೆ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು ಇಂಥದ್ದರಲ್ಲಿ ಸಿಕ್ಕಿಹಾಕಿಕೊಳ್ಳುವುದು ಜಾಣತನವಲ್ಲ. ಅದಕ್ಕಿಂತ ಮುಖ್ಯವಾಗಿ, ಕದ್ದು ನೋಡಿದ ನೋಟ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕನ್ನಡ ಚಿತ್ರಕ್ಕೆ ವೀಕ್ಷಕರಿಲ್ಲ ಎಂಬ ಕಂಪನಿಗಳ ಮಾತಿಗೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಆದರೆ ಹಣ ಕೊಟ್ಟು ನೋಡಲು ಸಿದ್ಧವಿರುವವನಿಗೆ ಕೊಡಲು ಜಾಗವೇ ಇಲ್ಲದಿರುವುದೂ ಪೈರಸಿಗೆ ಗೊಬ್ಬರ ಎಂಬುದನ್ನು ಚಿತ್ರರಂಗ ಒಪ್ಪಬೇಕು.

ಸರ್ಕಾರದ ಒಟಿಟಿ ಹೇಗಿರಬೇಕು?

2025–26ರ ರಾಜ್ಯ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರಿ ಒಟಿಟಿ ವೇದಿಕೆಯನ್ನು ಘೋಷಿಸಲಾಯಿತು. ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಬದುಕನ್ನು ಬಿಂಬಿಸುವ ಚಿತ್ರಗಳನ್ನು ಸಂಗ್ರಹಿಸಿಡಲು 3 ಕೋಟಿ ರೂಪಾಯಿಯನ್ನೂ ಪ್ರಕಟಿಸಲಾಯಿತು. ಒಳ್ಳೆಯ ಮಾತು. ಆದರೆ ಅದು ಆರನೇ ಆ್ಯಪ್ ಆಗಿ, ಆರನೇ ಚಂದಾ ಕೇಳಿದರೆ ಪ್ರಯೋಜನವಿಲ್ಲ.

ಪಕ್ಕದ ಕೇರಳ 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ಆರಂಭಿಸಿತು. ಅಲ್ಲಿ ತಿಂಗಳ ಚಂದಾ ಇಲ್ಲ. ಒಂದು ಪೂರ್ಣ ಚಿತ್ರಕ್ಕೆ ₹75, ಅದರಲ್ಲಿ ಅರ್ಧ ಚಿತ್ರ ಕೊಟ್ಟವರಿಗೆ. ನೋಡಿದಷ್ಟಕ್ಕೆ ಹಣ. ವಿದ್ಯಾರ್ಥಿಗಳಿಗೆ ಹೊಂದುವ ಮಾದರಿ ಇದೇ. ಇದರ ಜೊತೆ ಕರ್ನಾಟಕ ಇನ್ನೆರಡು ಕೆಲಸ ಮಾಡಬೇಕು. ಮೊದಲನೆಯದು, ಎಲ್ಲ ಕನ್ನಡ ಚಿತ್ರಗಳ ಸಾರ್ವಜನಿಕ ಪಟ್ಟಿ. ಚಿತ್ರ ಈಗ ಯಾವ ವೇದಿಕೆಯಲ್ಲಿದೆ, ಹಕ್ಕು ಯಾರದು, ಪ್ರತಿ ಎಲ್ಲಿದೆ ಎಂಬುದು ಕನ್ನಡ ಲಿಪಿಯಲ್ಲಿ ಹುಡುಕಿದರೆ ಸಿಗಬೇಕು. ಜಸ್ಟ್‌ವಾಚ್‌ನಂಥ ತಾಣಗಳು ಯಾವ ವೇದಿಕೆಯಲ್ಲಿದೆ ಎಂಬುದನ್ನಷ್ಟೇ ಹೇಳುತ್ತವೆ. ಎಲ್ಲೂ ಸಿಗದ ಚಿತ್ರದ ಬಗ್ಗೆ ಹೇಳುವವರು ಬೇಕು. ತಾಂತ್ರಿಕವಾಗಿ ಇದು ನಮ್ಮ ಬಿಇ ತರಗತಿಯ ಪ್ರಾಜೆಕ್ಟ್‌ನ ಮಟ್ಟದ ಕೆಲಸ. ಕಷ್ಟವಿರುವುದು ಕೋಡ್ ಬರೆಯುವುದರಲ್ಲಲ್ಲ, ಮಾಹಿತಿ ಕಲೆಹಾಕುವುದರಲ್ಲಿ. ವಾಣಿಜ್ಯ ಮಂಡಳಿ ಮತ್ತು ಚಲನಚಿತ್ರ ಅಕಾಡೆಮಿ ಮನಸ್ಸು ಮಾಡಿದರೆ ಎಂಜಿನಿಯರಿಂಗ್ ಕಾಲೇಜುಗಳಿಗೇ ಇದನ್ನು ವಹಿಸಬಹುದು.

ಎರಡನೆಯದು, ಹಕ್ಕಿನ ಅವಧಿ ಮುಗಿದ ಮತ್ತು ಮುಗಿಯಲಿರುವ ಚಿತ್ರಗಳ ಪ್ರತಿಗಳನ್ನು ಮೊದಲು ಉಳಿಸುವುದು. ಪುಟ್ಟಣ್ಣ ಕಣಗಾಲರ 1967ರ ‘ಬೆಳ್ಳಿಮೋಡ’ದ ಅವಧಿ 2027ರ ಕೊನೆಗೆ ಮುಗಿಯುತ್ತದೆ. ಅದಕ್ಕೆ ಮುಂಚೆಯೇ ಒಳ್ಳೆಯ ಡಿಜಿಟಲ್ ಪ್ರತಿ ಸಿದ್ಧವಿದ್ದರೆ ಅಂಥ ಚಿತ್ರಗಳು ತಾಲ್ಲೂಕಿನ ಗ್ರಂಥಾಲಯ, ಕಾಲೇಜುಗಳಿಗೆ ಕಡಿಮೆ ಖರ್ಚಿನಲ್ಲಿ ತಲುಪಬಹುದು.

ನಮ್ಮ ಪಾಲಿನ ಕೆಲಸವೂ ಇದೆ. ಕಾಲೇಜುಗಳಲ್ಲಿ ಪ್ರೊಜೆಕ್ಟರ್ ಇದೆ, ಸಭಾಂಗಣ ಇದೆ. ಹಕ್ಕುದಾರರ ಅನುಮತಿ ಪಡೆದು ತಿಂಗಳಿಗೊಂದು ಕನ್ನಡ ಚಿತ್ರ ತೋರಿಸುವ ಸಿನಿಮಾ ಸಂಘವನ್ನು ಶಿಕಾರಿಪುರದಲ್ಲೂ ಸೊರಬದಲ್ಲೂ ನಡೆಸಬಹುದು. ಐವತ್ತು ಜನ ತಲಾ ಇಪ್ಪತ್ತು ರೂಪಾಯಿ ಹಾಕಿದರೆ ಸಾವಿರವಾಗುತ್ತದೆ. ಕಂಪನಿಗಳಿಗೆ ಅದು ಲೆಕ್ಕಕ್ಕಿಲ್ಲದ ಮೊತ್ತವಿರಬಹುದು. ಒಬ್ಬ ಹೊಸ ನಿರ್ದೇಶಕನಿಗೆ ಮಾತ್ರ, ತನ್ನ ಚಿತ್ರಕ್ಕಾಗಿ ಹಣ ಕೊಟ್ಟು ಕಾಯುವ ಜನ ಇಂಥ ಊರಿನಲ್ಲಿದ್ದಾರೆ ಎಂಬ ವಿಳಾಸ ಸಿಕ್ಕಂತೆ.