ಲಿನಕ್ಸ್‌ಗೆ ಬೈಯೋದು ಬಿಡ್ರಪ್ಪ

ವಿಂಡೋಸ್‌ನಲ್ಲಿ ಬರೆದ ಸ್ನೇಕ್ ಗೇಮ್ ಗೆಳೆಯನ ಉಬುಂಟುನಲ್ಲಿ ಕಂಪೈಲ್ ಆಗಲ್ಲ. ‘ಕೋನಿಯೋ ಡಾಟ್ ಎಚ್’ ಫೈಲೇ ಇಲ್ಲ ಅನ್ನುತ್ತೆ. ತಕ್ಷಣ ತೀರ್ಪು: ‘ಲಿನಕ್ಸ್ ಸರಿ ಇಲ್ಲ ಮಗಾ.’ ನಾನಂತೂ ಒಪ್ಪಲ್ಲ.

ಕೋನಿಯೋ ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಯಾವತ್ತೂ ಇರಲಿಲ್ಲ. ಅದು ಡಾಸ್ ಕಾಲದ ಕಂಪೈಲರ್‌ಗಳ ಜೊತೆ ಬಂದಿದ್ದು. ಟರ್ಬೋ ಸಿ ಬಂದಿದ್ದೇ 1987ರಲ್ಲಿ, ನಮ್ಮ ಅಪ್ಪ ಅಮ್ಮ ಸ್ಕೂಲಿಗೆ ಹೋಗ್ತಿದ್ದ ಕಾಲ. ಅದರಲ್ಲಿ ಇಂಟ್ ಅಂದ್ರೆ 16 ಬಿಟ್. 32767ಕ್ಕೆ ಒಂದು ಕೂಡಿಸಿದರೆ ಮೈನಸ್ 32768! ಅದರ ‘ಕ್ಲಿಯರ್ ಸ್ಕ್ರೀನ್’ ಫಂಕ್ಷನ್ ಇವತ್ತು ವಿಂಡೋಸ್‌ನ ಮಿನ್‌ಜಿಡಬ್ಲ್ಯೂನಲ್ಲೂ ಇಲ್ಲ. ಆದರೂ ಲ್ಯಾಬ್ ನೋಟ್ಸ್‌ನಲ್ಲಿ ಇನ್ನೂ ಉಳಿದಿದೆ. ಅದನ್ನೇ ನೋಡಿ ಟೈಪ್ ಮಾಡಿದ ಜೂನಿಯರ್, ಎರರ್ ಬಂದಾಗ ‘ನಂಗೆ ಕೋಡಿಂಗ್ ಬರಲ್ಲ’ ಅಂತ ಕೂತುಬಿಡ್ತಾನೆ. ನನಗೆ ಸಿಟ್ಟು ಬರೋದು ಇಲ್ಲೇ. ಆ ನೋಟ್ಸ್ ಬದಲಾಗಲೇಬೇಕು.

ಎಲ್ಲಾ ಎರರ್ ಒಂದೇ ಥರ ಅಲ್ಲ. ವರ್ಗಮೂಲದ ಫಂಕ್ಷನ್ ಮಿನ್‌ಜಿಡಬ್ಲ್ಯೂನಲ್ಲಿ ಸುಮ್ನೆ ಓಡುತ್ತೆ, ಉಬುಂಟುನಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬರುತ್ತೆ. ಇದು ಲಿಂಕರ್ ಗೋಳು. ಅಲ್ಲಿ ಗಣಿತದ ಲೈಬ್ರರಿ ಬೇರೆ ಇದೆ, ಕಮಾಂಡ್ ಕೊನೆಗೆ ಮೈನಸ್ ಎಲ್ ಎಂ ಹಾಕಿ, ಮುಗೀತು. ಕೋಡ್ ಮುಟ್ಟಬೇಕಾಗಿಲ್ಲ. ಅದಕ್ಕೇ ಹೇಳೋದು, ಮೊದಲನೇ ಎರರ್ ಪೂರ್ತಿ ಓದಿ. ಕೆಳಗಿನ ನಲವತ್ತರಲ್ಲಿ ಬಹಳಷ್ಟು ಅದರ ಮಕ್ಕಳೇ.

ಸ್ನೇಕ್ ಗೇಮ್‌ನಲ್ಲಿ ಕೀ ಓದೋ ಭಾಗ ಮಾತ್ರ ಬೇರೆ ಫೈಲಲ್ಲಿಡಿ, ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು. ಲಿನಕ್ಸ್ ಕಡೆ ಎನ್‌ಕರ್ಸಸ್ ಇದೆ, ಅದರಲ್ಲೂ ಒಂದು ‘ಗೆಟ್‌ಚ್’ ಇದೆ ಗೊತ್ತಾ?